ಕಾರಿನೊಳಗೊಂದು ಕಾರ್ಬನ್ ವೇಷ

ಐದಾರು ವರ್ಷ ಓಡಿದ ಕಾರಿನ ಎಂಜಿನ್ ಇನ್ನೂ ಗಟ್ಟಿಯಾಗಿರುತ್ತದೆ. ಹೊರಮೈಗೆ ಒಂದು ಪಾಲಿಶ್ ಹೊಡೆಸಿದರೆ ಹೊಸದರಂತೆ ಹೊಳೆಯುತ್ತದೆ. ವಯಸ್ಸು ಗೊತ್ತಾಗುವುದು ಬಾಗಿಲು ತೆಗೆದು ಒಳಗೆ ಕೂತಾಗ. ಪವರ್ ವಿಂಡೋ ಗುಂಡಿಗಳ ಸುತ್ತಲಿನ ಪಟ್ಟಿಯಲ್ಲಿ ಉಂಗುರ ತಾಗಿದ ಗೀರುಗಳಿರುತ್ತವೆ. ಗೇರ್ ಲಿವರ್ ಸುತ್ತಲಿನ ಬೆಳ್ಳಿಬಣ್ಣ ಸುಲಿದು ಕೆಳಗಿನ ಕಪ್ಪು ಪ್ಲಾಸ್ಟಿಕ್ ಇಣುಕುತ್ತಿರುತ್ತದೆ. ಇವನ್ನು ಬದಲಿಸಲು ಕಂಪನಿಯ ಬಿಡಿಭಾಗ ಕೇಳಿದರೆ, ಒಂದು ಪಟ್ಟಿಗಾಗಿ ಇಡೀ ಜೋಡಣೆಯನ್ನೇ ಕೊಳ್ಳಬೇಕಾಗಿ ಬರುವುದುಂಟು.

ಹಳೆಯ ತುಂಡನ್ನೇ ಬಿಚ್ಚಿ, ಅದಕ್ಕೆ ಹೊಸ ಮೈ ಕೊಟ್ಟು ಮತ್ತೆ ಕೂರಿಸುವ ಕಸುಬಿಗೆ ಗಿರಾಕಿ ಹುಟ್ಟಿದ್ದು ಇದರಿಂದಲೇ. ಬೆಂಗಳೂರಿನ ಟೌನ್‌ಹಾಲ್‌ನಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಜೆ.ಸಿ. ರಸ್ತೆ ಕಾರಿನ ಬಿಡಿಭಾಗ ಮತ್ತು ಶೃಂಗಾರ ಸಾಮಗ್ರಿಗಳಿಗೆ ಹೆಸರಾದ ಬೀದಿ. ಒಂದು ಕಾಲಕ್ಕೆ ಇಂಥ ಅಂಗಡಿಗಳಿಗೆ ಬಂದವರು ‘ವುಡ್ ಫಿನಿಶ್’ ಕೇಳುತ್ತಿದ್ದರು. ಈಗ ಕೇಳುವುದು ‘ಕಾರ್ಬನ್ ಫಿನಿಶ್’.

ವಿಮಾನದಿಂದ ಡ್ಯಾಶ್‌ಬೋರ್ಡಿಗೆ

ಕಾರ್ಬನ್ ಎಳೆಗಳ ಈ ಕಪ್ಪು ನೇಯ್ಗೆಯ ಮೇಲಿನ ಮೋಹಕ್ಕೆ ಕಾರಣವಿದೆ. 1958ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಕಂಪನಿಯ ವಿಜ್ಞಾನಿ ರೋಜರ್ ಬೇಕನ್ ಅಸಾಧಾರಣ ಬಲದ ಕಾರ್ಬನ್ ಎಳೆಗಳನ್ನು ಪ್ರಯೋಗಾಲಯದಲ್ಲಿ ಕಂಡರು. ಮುಂದಿನ ದಶಕದಲ್ಲಿ ಜಪಾನ್ ಮತ್ತು ಬ್ರಿಟನ್ನಿನ ಸಂಶೋಧಕರು ಕೃತಕ ನೂಲನ್ನು ಹದವಾಗಿ ಕಾಯಿಸಿ ಕಾರ್ಬನ್ ಎಳೆಯನ್ನು ಬಳಕೆಯ ವಸ್ತುವಾಗಿಸಿದರು. ಒಂದೊಂದು ಎಳೆಯ ದಪ್ಪ 5ರಿಂದ 7 ಮೈಕ್ರಾನ್. ಇಂಥ 3,000 ಎಳೆ ಸೇರಿದ ಲಡಿಗೆ ಕಸುಬಿನವರು ‘3ಕೆ’ ಎನ್ನುತ್ತಾರೆ. ಎರಡು ಲಡಿಗಳ ಮೇಲೆ ಹಾದು ಎರಡರ ಕೆಳಗೆ ನುಸುಳುವ ಟ್ವಿಲ್ ನೇಯ್ಗೆಯಿಂದಲೇ ನಾವು ಗುರುತಿಸುವ ಆ ಓರೆ ಪಟ್ಟೆಗಳು ಮೂಡುತ್ತವೆ.

ಕಾರಿನ ಲೋಕಕ್ಕೆ ಅದು ದೊಡ್ಡದಾಗಿ ಕಾಲಿಟ್ಟದ್ದು 1981ರಲ್ಲಿ. ಜಾನ್ ಬರ್ನಾರ್ಡ್ ವಿನ್ಯಾಸಗೊಳಿಸಿದ ಮೆಕ್‌ಲಾರೆನ್ ಎಂಪಿ4/1 ಫಾರ್ಮುಲಾ ಒನ್ ಕಾರಿನ ಮೂಲಚೌಕಟ್ಟೇ ಕಾರ್ಬನ್ನಿನದು. ಅದು ಪುಡಿಪುಡಿಯಾದೀತೆಂದು ಅನುಮಾನಿಸಿದವರಿದ್ದರು. ಅದೇ ವರ್ಷ ಮೊಂಝಾದಲ್ಲಿ ಜಾನ್ ವಾಟ್ಸನ್ ಓಡಿಸುತ್ತಿದ್ದ ಕಾರು ತಡೆಗೆ ಅಪ್ಪಳಿಸಿ ಎಂಜಿನ್ನೇ ಕಿತ್ತುಹೋಯಿತು. ವಾಟ್ಸನ್ ಮಾತ್ರ ಇಳಿದು ನಡೆದುಕೊಂಡು ಬಂದರು. ಬೆಂಗಳೂರಿಗೂ ಈ ವಸ್ತು ಹೊಸದಲ್ಲ. ಇಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ 45ರಷ್ಟು ಸಂಯುಕ್ತ ವಸ್ತುಗಳದೇ, ಅದರಲ್ಲಿ ಕಾರ್ಬನ್ನಿನದೇ ಮುಖ್ಯ ಪಾಲು.

ವಿಮಾನದಲ್ಲೂ ಪಂದ್ಯದ ಕಾರಿನಲ್ಲೂ ಕಾರ್ಬನ್ ಬಂದದ್ದು ತೂಕ ಇಳಿಸಲು. ಡ್ಯಾಶ್‌ಬೋರ್ಡಿನ ಪಟ್ಟಿಗೆ ಆ ಲೆಕ್ಕವಿಲ್ಲ. ಇಲ್ಲಿ ಅದು ಅಪ್ಪಟ ಶೃಂಗಾರ. ಇದನ್ನು ಒಪ್ಪಿಕೊಂಡು ಹೊರಟರೆ, ಕೇಳಬೇಕಾದ್ದು ಕೆಲಸ ಎಷ್ಟು ಅಚ್ಚುಕಟ್ಟು ಎಂಬುದೊಂದೇ.

ಮೂರು ದಾರಿ

ಮೊದಲನೆಯದು ಸ್ಟಿಕ್ಕರ್, ಅಂದರೆ ವಿನೈಲ್ ಹಾಳೆ. ಐದು ಅಡಿ ಅಗಲದ ರೋಲಿನಲ್ಲಿ ಬರುತ್ತದೆ, ಬೇಕಾದಷ್ಟು ಕತ್ತರಿಸಿ ಅಂಟಿಸಬಹುದು, ಬೇಸರವಾದರೆ ಕಿತ್ತುಹಾಕಬಹುದು. ಇದರಲ್ಲೂ ಎರಡು ಜಾತಿ. ರೋಲರುಗಳ ನಡುವೆ ಒತ್ತಿ ತೆಳುವಾಗಿಸಿದ ‘ಕ್ಯಾಲೆಂಡರ್ಡ್’ ಹಾಳೆ ಅಗ್ಗ. ಆದರೆ ಎಳೆದು ಕೂರಿಸಿದ ಜಾಗದಲ್ಲಿ ಅದು ದಿನಕಳೆದಂತೆ ಮುದುಡಿಕೊಳ್ಳುತ್ತದೆ. ದ್ರವವಾಗಿ ಹರಡಿ ಒಣಗಿಸಿ ಮಾಡಿದ ‘ಕಾಸ್ಟ್’ ಹಾಳೆಗೆ ಬೆಲೆ ಹೆಚ್ಚು. ತಿರುವುಗಳಲ್ಲಿ ಅದು ಹೇಳಿದ ಹಾಗೆ ಕೇಳುತ್ತದೆ.

ಎರಡನೆಯದು ಹೈಡ್ರೋ ಡಿಪ್ಪಿಂಗ್. ನೀರಿನಲ್ಲಿ ಕರಗುವ ತೆಳು ಫಿಲ್ಮಿನ ಮೇಲೆ ಕಾರ್ಬನ್ ವಿನ್ಯಾಸ ಮುದ್ರಿಸಿರುತ್ತಾರೆ. ಅದನ್ನು ಬೆಚ್ಚಗಿನ ನೀರಿನ ಮೇಲೆ ಹಾಸಿ, ಆ್ಯಕ್ಟಿವೇಟರ್ ಸಿಂಪಡಿಸಿದರೆ ಶಾಯಿ ಮಾತ್ರ ಹಾಲಿನ ಕೆನೆಯಂತೆ ತೇಲುತ್ತದೆ. ಬಣ್ಣ ಹೊಡೆದು ಸಿದ್ಧಮಾಡಿದ ತುಂಡನ್ನು ಓರೆಯಾಗಿ, ಅವಸರವಿಲ್ಲದೆ ಅದರೊಳಕ್ಕೆ ಇಳಿಸಬೇಕು. ನೀರಿನ ಒತ್ತಡವೇ ಚಿತ್ರವನ್ನು ಸಂದುಗೊಂದುಗಳಿಗೂ ಅಂಟಿಸುತ್ತದೆ. ಆಮೇಲೆ ತೊಳೆದು, ಒಣಗಿಸಿ, ಮೇಲೊಂದು ಕ್ಲಿಯರ್ ಕೋಟ್. ಎ.ಸಿ. ವೆಂಟಿನಂಥ ಅಂಕುಡೊಂಕಿನ ಭಾಗಗಳಿಗೆ ಇದು ಹೇಳಿಮಾಡಿಸಿದ್ದು. ತೊಂದರೆಯೆಂದರೆ ಬೇಡವಾದಾಗ ಸುಲಿಯಲಾಗದು, ಉಜ್ಜಿಯೇ ತೆಗೆಯಬೇಕು.

ಮೂರನೆಯದರಲ್ಲಿ ವೇಷವಿಲ್ಲ, ನಿಜವಾದ ಕಾರ್ಬನ್ ಬಟ್ಟೆಯನ್ನೇ ಹೊದಿಸುವುದು. ತುಂಡಿನ ಮೈ ಉಜ್ಜಿ, ಕಪ್ಪು ಬೆರೆಸಿದ ಎಪಾಕ್ಸಿ ಬಳಿದು, ಅದು ಅಂಟಂಟಾಗುವ ಹದಕ್ಕೆ ಬಂದಾಗ ಬಟ್ಟೆ ಹಾಸಿ ಒತ್ತುತ್ತಾರೆ. ಗಟ್ಟಿಯಾದ ಮೇಲೆ ಪಾರದರ್ಶಕ ಎಪಾಕ್ಸಿಯ ಪದರಗಳು, ನಡುನಡುವೆ ನೀರು ಹಾಕಿ ಎಮರಿ ಪೇಪರ್ ಉಜ್ಜುವುದು, ಕೊನೆಗೆ ಪಾಲಿಶ್. ಬೆಳಕು ಬಿದ್ದಾಗ ನೇಯ್ಗೆಗೆ ಬರುವ ಆಳ ಮುದ್ರಿತ ಚಿತ್ರಕ್ಕೆ ಬಾರದು. ಆದರೆ ತುಂಡು ದಪ್ಪವಾಗುತ್ತದೆ. ಅಂಚನ್ನು ಮತ್ತೆ ಕೆರೆಯದಿದ್ದರೆ ಗುಂಡಿಗಳು ಒಳಗೆ ಕೂರುವುದಿಲ್ಲ. ಎಪಾಕ್ಸಿ ಬಿಸಿಲಿಗೆ ಹಳದಿ ತಿರುಗುವುದರಿಂದ ಮೇಲೆ ಯು.ವಿ. ತಡೆಯುವ ಕ್ಲಿಯರ್ ಕೋಟ್ ಬೇಕೇ ಬೇಕು. ಉಜ್ಜುವಾಗ ಏಳುವ ಧೂಳು ಮೈಗೆ ತುರಿಕೆ, ಶ್ವಾಸಕ್ಕೆ ಕೆಡುಕು. ಕರವಸ್ತ್ರ ಕಟ್ಟಿಕೊಂಡು ಮಾಡುವ ಕೆಲಸವಲ್ಲ ಇದು, ಸರಿಯಾದ ಮಾಸ್ಕ್ ಇರಬೇಕು.

ಒಂದು ಪಟ್ಟಿ, ಆರಂಭದಿಂದ

ಹೆಚ್ಚಿನವರು ಆರಿಸಿಕೊಳ್ಳುವುದು ವಿನೈಲನ್ನೇ. ಬಾಗಿಲಿನ ಗುಂಡಿಪಟ್ಟಿಯೊಂದಕ್ಕೆ ಅದನ್ನು ಹೊದಿಸುವುದನ್ನು ನೋಡೋಣ. ಸ್ಕ್ರೂಡ್ರೈವರ್ ಬದಲು ಪ್ಲಾಸ್ಟಿಕ್ಕಿನ ಚಪ್ಪಟೆ ಮೀಟುಗೋಲನ್ನು ಕ್ಲಿಪ್ ಇರುವ ಕಡೆಯೇ ತೂರಿಸಿ ಪಟ್ಟಿಯನ್ನು ಎಬ್ಬಿಸುತ್ತಾರೆ. ಕಬ್ಬಿಣ ತಾಗಿದರೆ ಡೋರ್ ಪ್ಯಾಡಿನ ಮೇಲೆ ಅಳಿಸಲಾಗದ ಗಾಯ. ಬಿಚ್ಚಿದ ತುಂಡನ್ನು ತಿರುವಿದರೆ ಹಿಂಬದಿಯಲ್ಲಿ ಎಬಿಎಸ್ ಅಥವಾ ಪಿಪಿ ಎಂದು ಅಚ್ಚೊತ್ತಿರುತ್ತದೆ. ಎಬಿಎಸ್ ಪ್ಲಾಸ್ಟಿಕ್ಕಿಗೆ ಅಂಟೂ ಬಣ್ಣವೂ ಸುಲಭವಾಗಿ ಹಿಡಿಯುತ್ತವೆ. ಪಿಪಿ, ಅಂದರೆ ಪಾಲಿಪ್ರೊಪಿಲೀನ್, ಯಾವುದನ್ನೂ ಹತ್ತಿರ ಸೇರಿಸದ ಜಾತಿ. ಅದಕ್ಕೆ ಪ್ರೈಮರ್ ಸವರಲೇಬೇಕು.

ಇನ್ನು ತೊಳೆಯುವ ಸರದಿ. ವರ್ಷಗಟ್ಟಲೆ ಬಳಿದ ಡ್ಯಾಶ್‌ಬೋರ್ಡ್ ಪಾಲಿಶಿನ ಸಿಲಿಕೋನ್ ಪ್ಲಾಸ್ಟಿಕ್ಕಿನ ಮೇಲೆ ಕಾಣದ ಪದರವಾಗಿ ಕೂತಿರುತ್ತದೆ. ಸೋಪಿನ ನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್, ಮೂಲೆಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್. ಗೀರುಗಳನ್ನು ಪುಟ್ಟಿ ತುಂಬಿ ಉಜ್ಜಿ ಮಟ್ಟ ಮಾಡುತ್ತಾರೆ, ಏಕೆಂದರೆ ತೆಳು ಹಾಳೆ ಕೆಳಗಿನ ಕುಂದನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಅಂಟಿಸುವುದಕ್ಕೆ ಹಿಡಿಯುವ ಹೊತ್ತು ಇದಕ್ಕಿಂತ ಕಡಿಮೆ. ಹೀಟ್ ಗನ್ನಿನಿಂದ ಹಾಳೆಯನ್ನು ಮೆತ್ತಗಾಗಿಸಿ, ನಡುವಿನಿಂದ ಅಂಚಿನ ಕಡೆಗೆ ಸ್ಕ್ವೀಜಿಯಲ್ಲಿ ಒತ್ತುತ್ತಾ ಗಾಳಿ ಹೊರಹಾಕುತ್ತಾರೆ. ಎಳೆದರೆ ಎಲ್ಲಿಗೆ ಬೇಕಾದರೂ ಬರುವ ಹಾಳೆಯನ್ನು ಎಳೆಯದೆ ಕೂರಿಸುವುದರಲ್ಲೇ ಕೈಚಳಕವಿದೆ. ಹೆಚ್ಚು ಎಳೆದಲ್ಲಿ ನೇಯ್ಗೆಯ ಚೌಕಗಳು ಹಿಗ್ಗಿ ಬಣ್ಣಗೆಡುತ್ತವೆ. ಅಂಚನ್ನು ಹಿಂಬದಿಗೆ ಮಡಚಿ, ಮಡಿಕೆಗಳನ್ನು ಇನ್ನೊಮ್ಮೆ ಚೆನ್ನಾಗಿ ಕಾಯಿಸಿದರೆ ಹಾಳೆ ತನ್ನ ಹಳೆಯ ಚಪ್ಪಟೆ ಆಕಾರವನ್ನು ಮರೆಯುತ್ತದೆ. ಈ ಕೊನೆಯ ಬಿಸಿ ತಪ್ಪಿದ ಪಟ್ಟಿ ಬೇಸಿಗೆಯಲ್ಲಿ ಎದ್ದುಬಿಡುತ್ತದೆ. ಬಳ್ಳಾರಿ, ರಾಯಚೂರಿನ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಸೆಲ್ಸಿಯಸ್ ದಾಟಬಹುದು.

ಕೈಹಾಕಬಾರದ ಜಾಗವೂ ಇದೆ. ಏರ್‌ಬ್ಯಾಗ್ ಎಂದು ಬರೆದ ಮುಚ್ಚಳಗಳ ಮೇಲೆ ಹಾಳೆಯಾಗಲಿ ಎಪಾಕ್ಸಿಯಾಗಲಿ ಸಲ್ಲದು. ಆ ಮುಚ್ಚಳ ನಿಗದಿತ ಗೆರೆಯಲ್ಲಿ ಸೀಳಿಕೊಂಡು ತೆರೆಯಬೇಕು. ಮೇಲೆ ಹೊದಿಸಿದ್ದು ಅದಕ್ಕೆ ಅಡ್ಡಿಯಾದೀತು, ಚೂರಾಗಿ ಮುಖಕ್ಕೆ ಸಿಡಿದೀತು. ಡ್ಯಾಶ್‌ಬೋರ್ಡಿನ ಮೇಲ್ಭಾಗದಲ್ಲಿ ನೇರ ಬಿಸಿಲು ಬೀಳುವ ಕಡೆ ಹೊಳಪಿನ ಫಿನಿಶ್ ಕೂಡ ಬೇಡ, ಗಾಜಿನಲ್ಲಿ ಪ್ರತಿಫಲಿಸಿ ಕಣ್ಣು ಕುಕ್ಕುತ್ತದೆ. ಮ್ಯಾಟ್ ಇರಲಿ.

ಎಷ್ಟು ಸಾಕು ಎನ್ನುವುದು ಅವರವರ ರುಚಿ. ಆದರೂ ಗೇರ್ ಸುತ್ತಲಿನ ಪಟ್ಟಿ, ನಾಲ್ಕು ಬಾಗಿಲ ಗುಂಡಿಪಟ್ಟಿ, ಡ್ಯಾಶ್‌ಬೋರ್ಡಿನ ಅಡ್ಡಪಟ್ಟಿಯ ಆಚೆಗೆ ಹೋದಂತೆಲ್ಲ ಚಂದ ಕರಗಿ ಆಡಂಬರವಷ್ಟೇ ಉಳಿಯುತ್ತದೆ. ಎಲ್ಲ ತುಂಡುಗಳಲ್ಲೂ ನೇಯ್ಗೆ ಒಂದೇ ದಿಕ್ಕಿಗೆ ಓಡುವಂತೆ ಮೊದಲೇ ಹೇಳಿಡುವುದು ಒಳ್ಳೆಯದು. ಹಾಳೆ ಉಳಿಸಲು ಅಡ್ಡಾದಿಡ್ಡಿ ಕತ್ತರಿಸುವವರಿದ್ದಾರೆ. ಕೆಲಸ ಒಪ್ಪಿಸುವ ಮುನ್ನ ಅಂಗಡಿಯಲ್ಲಿ ಮಾಡಿಟ್ಟ ಒಂದು ತುಂಡನ್ನು ಕೈಗೆ ತೆಗೆದುಕೊಳ್ಳಿ. ಮುಂಭಾಗ ಎಲ್ಲರದ್ದೂ ಹೊಳೆಯುತ್ತದೆ, ತಿರುವಿ ಹಿಂಬದಿ ನೋಡಿ. ಮಡಿಕೆ ಸಮನಾಗಿ, ಬ್ಲೇಡಿನ ಗೆರೆ ನೇರವಾಗಿ, ಕ್ಲಿಪ್ಪಿನ ಜಾಗ ತೆರವಾಗಿ ಇದ್ದರೆ ಕಾರಿನ ಕೀಲಿಯನ್ನು ಧೈರ್ಯವಾಗಿ ಕೊಟ್ಟು ಬರಬಹುದು.