ಮಳೆಗೆ ಮುಂಚೆ ಕೇಪಿನ ಕೋವಿಗೆ ಜೇನುಮೇಣದ ಲೇಪ: ಮನೆಯಲ್ಲೇ ಮಾಡಿಕೊಳ್ಳಿ

ಜೂನ್ ಹತ್ತಿರ ಬಂತು ಅಂದರೆ ಅಡಿಕೆಗೆ ಬೋರ್ಡೋ ಹೊಡೆಯಬೇಕು, ಬಸಿಗಾಲುವೆ ಬಿಡಿಸಬೇಕು, ಕಾಳುಮೆಣಸಿನ ಬುಡಕ್ಕೆ ಟ್ರೈಕೋಡರ್ಮಾ ಕೊಡಬೇಕು ಅಂತ ಎಲ್ಲರಿಗೂ ನೆನಪಿರುತ್ತೆ. ಒಳಕೋಣೆಯ ಮೂಲೆಯಲ್ಲಿರುವ ಕೇಪಿನ ಕೋವಿ ಮಾತ್ರ ಯಾರಿಗೂ ನೆನಪಾಗಲ್ಲ. ಮಲೆನಾಡು, ಕರಾವಳಿ, ಕೊಡಗಿನ ಎಷ್ಟೋ ಮನೆಗಳಲ್ಲಿ ಬೆಳೆ ರಕ್ಷಣೆಗೆ ಅಂತ ಅಜ್ಜ ಲೈಸೆನ್ಸ್ ಮಾಡಿಸಿದ ಕೋವಿ ಈಗ ಮೊಮ್ಮಗನ ಹೆಸರಿಗೆ ಬಂದಿದೆ. ಹೆಸರು ಬಂತು, ನೋಡಿಕೊಳ್ಳುವ ವಿದ್ಯೆ ಬರಲಿಲ್ಲ. ಹಾಗಾಗಿ ಕೈಗೆ ಸಿಕ್ಕಿದ್ದನ್ನು ಹಚ್ಚಿಡ್ತಾರೆ: ಬೈಕಿನ ಹಳೇ ಆಯಿಲ್, ಪಂಪಿನ ಗ್ರೀಸ್, ಸೀಮೆಎಣ್ಣೆ. ಕರಿಮದ್ದಿನ ಕೋವಿಗೆ ಇದು ಯಾವುದೂ ಹೊಂದಲ್ಲ. ಹೊಂದುವ ಲೇಪಕ್ಕೆ ಬೇಕಾದ್ದು ನಮ್ಮ ಜೇನುಪೆಟ್ಟಿಗೆ ಮತ್ತು ಅಡುಗೆಮನೆಯಲ್ಲೇ ಇದೆ.

ಮೊದಲೇ ಹೇಳಿಬಿಡ್ತೀನಿ, ಇದು ಲೈಸೆನ್ಸ್ ಇರುವ ಕೋವಿಯ ವಿಚಾರ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗಾಗಿ ಬಾಯಿಂದ ಮದ್ದು ತುಂಬುವ ಕೋವಿಯನ್ನು ಹೆಸರಿಸಿಯೇ ಹೇಳುತ್ತೆ. ಆದರೆ ಆ ಲೈಸೆನ್ಸ್ ಇದೆ ಅಂತ ಕಾಡುಪ್ರಾಣಿ ಹೊಡೆಯೋ ಹಾಗಿಲ್ಲ, ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇರೆಯೇ ಇದೆ.

ಎಣ್ಣೆ ಬಟ್ಟೆ ಕೈಗೆತ್ತಿಕೊಳ್ಳುವ ಮುಂಚೆ ಕೋವಿ ಖಾಲಿ ಇದೆಯಾ ನೋಡಿ. ಕೇಪು ಇಲ್ಲ ಅಂದ ಮಾತ್ರಕ್ಕೆ ಖಾಲಿ ಅಲ್ಲ. ಹೋದ ವರ್ಷ ತುಂಬಿಟ್ಟ ಮದ್ದು ಒಳಗೇ ಇರಬಹುದು, ಕರಿಮದ್ದು ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತೆ. ನಳಿಗೆಯ ಬಾಯಿ ಮುಖಕ್ಕಾಗಲಿ ಮೈಗಾಗಲಿ ನೇರ ಬರದಂತೆ ಪಕ್ಕಕ್ಕೆ ಹಿಡಿದು, ಗಜವನ್ನು, ಅಂದರೆ ಮದ್ದು ಒತ್ತುವ ಉದ್ದದ ಕಡ್ಡಿಯನ್ನು, ನಿಧಾನ ಒಳಗೆ ಬಿಡಿ. ಬಾಯಿಯ ಹತ್ತಿರ ಗಜದ ಮೇಲೆ ಗುರುತು ಹಾಕಿ ಹೊರಗೆ ತೆಗೆಯಿರಿ. ಅದೇ ಗಜವನ್ನು ನಳಿಗೆಯ ಹೊರಮೈಗೆ ಹಿಡಿದು ನೋಡಿ. ತುದಿ ಕೇಪು ಕೂರುವ ನಿಪ್ಪಲ್ಲಿನ ಮಟ್ಟಕ್ಕೆ ಬರಬೇಕು. ಮೂರ್ನಾಲ್ಕು ಬೆರಳು ಕಡಿಮೆ ಬಂದರೆ ಒಳಗೆ ಈಡು ಇದೆ ಅಂತ ಅರ್ಥ. ಅಲ್ಲಿಗೇ ನಿಲ್ಲಿಸಿ, ತಿಳಿದ ಲೈಸೆನ್ಸ್‌ದಾರ ರಿಪೇರಿಯವರ ಹತ್ತಿರ ತೆಗೆಸಿ. ಮನೆಯಲ್ಲಿ ಕೆದಕೋ ಕೆಲಸ ಬೇಡ. ಇಲ್ಲಿ ಧೈರ್ಯ ತೋರಿಸಿ ಆಗಬೇಕಾದ್ದು ಏನೂ ಇಲ್ಲ.

ಈಗ ಕರಿಮದ್ದಿಗೆ ಯಾಕೆ ಬೇರೆ ಎಣ್ಣೆ ಅಂತ ನೋಡೋಣ. ತೋಟಾ ಕೋವಿಯ ಹೊಗೆರಹಿತ ಮದ್ದು ಹೆಚ್ಚುಕಮ್ಮಿ ಪೂರ್ತಿ ಅನಿಲವಾಗಿ ಹೋಗುತ್ತೆ. ಕರಿಮದ್ದು ಹಾಗಲ್ಲ, ಅದರ ತೂಕದ ಅರ್ಧಕ್ಕಿಂತ ಹೆಚ್ಚು ಘನರೂಪದಲ್ಲೇ ಉಳಿಯುತ್ತೆ. ಒಂದಷ್ಟು ಹೊಗೆಯ ಜೊತೆ ಹೊರಗೆ ಹೋಗುತ್ತೆ, ಮಿಕ್ಕಿದ್ದು ನಳಿಗೆಗೆ ಅಂಟುತ್ತೆ. ಆ ಕಿಟ್ಟ ಬರೀ ಮಸಿ ಅಲ್ಲ. ಅದರಲ್ಲಿ ಪೊಟ್ಯಾಸಿಯಂ ಕಾರ್ಬೋನೇಟ್, ಸಲ್ಫೇಟ್, ಸಲ್ಫೈಡ್ ಥರದ ಲವಣಗಳಿವೆ. ಬಾಯಿ ಬಿಚ್ಚಿಟ್ಟ ರಸಗೊಬ್ಬರದ ಚೀಲ ಮಳೆಗಾಲದಲ್ಲಿ ನೀರೊಡೆಯೋದು ನೋಡಿದ್ದೀರಲ್ಲ, ಇದೂ ಹಾಗೇ ಗಾಳಿಯ ತೇವ ಎಳೆದುಕೊಳ್ಳುತ್ತೆ. ಉಪ್ಪುನೀರು ಕಬ್ಬಿಣದ ಮೇಲೆ ಕೂತರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. ಆಗುಂಬೆ ಕಡೆಯ ಜುಲೈನಲ್ಲಿ ಒಂದು ರಾತ್ರಿ ಸಾಕು, ಬೆಳಿಗ್ಗೆ ನಳಿಗೆ ಕೆಂಪಾಗಿರುತ್ತೆ. ತುಕ್ಕು ಗುಳಿ ಬಿದ್ದ ಕಡೆ ಲೋಹ ತೆಳುವಾಗುತ್ತೆ, ಅದೂ ಒತ್ತಡ ಅತಿ ಹೆಚ್ಚಾಗುವ ಬುಡದಲ್ಲೇ. ಅಂಥ ನಳಿಗೆ ಸಿಡಿದರೆ ಹಿಡಿದ ಎಡಗೈಗೇ ಪೆಟ್ಟು.

ಲವಣ ಕರಗೋದು ನೀರಿನಲ್ಲಿ. ಸೀಮೆಎಣ್ಣೆ, ಡೀಸೆಲ್‌ನಲ್ಲಿ ಉಜ್ಜಿದರೆ ಬಟ್ಟೆಗೆ ಕಪ್ಪು ಬರುತ್ತೆ, ಸ್ವಚ್ಛ ಆಯ್ತು ಅನ್ನಿಸುತ್ತೆ, ಉಪ್ಪು ಅಲ್ಲೇ ಇರುತ್ತೆ. ಇನ್ನು ಪೆಟ್ರೋಲಿಯಂ ಎಣ್ಣೆ ಒಳಗಿದ್ದಾಗ ಈಡು ಹೊಡೆದರೆ ಕಿಟ್ಟ ಡಾಂಬರಿನ ಹಾಗೆ ಗಟ್ಟಿ ಕೂರುತ್ತೆ. ಗಿಡದ ಎಣ್ಣೆ, ಜೇನುಮೇಣ ಇದ್ದರೆ ಅದೇ ಕಿಟ್ಟ ಮೆತ್ತಗೆ ಉಳಿದು ಒರೆಸಿದಾಗ ಬರುತ್ತೆ. ಸಾವಯವದ ಮೇಲಿನ ಮೋಹಕ್ಕೆ ಹೇಳ್ತಿರೋ ಮಾತಲ್ಲ ಇದು. ಬರೀ ತುಕ್ಕು ತಡೆಯೋಕೆ ಒಳ್ಳೆ ಮೆಷಿನ್ ಆಯಿಲ್ ಕೆಟ್ಟದ್ದೇನಲ್ಲ, ಬಳಸುವ ಮುಂಚೆ ಪೂರ್ತಿ ಒರೆಸಿ ತೆಗೀಬೇಕು ಅಷ್ಟೇ. ಆದರೆ ಎಂಜಿನ್ನಿನಿಂದ ಇಳಿಸಿದ ಹಳೇ ಆಯಿಲ್ ಬೇಡವೇ ಬೇಡ, ಅದರಲ್ಲಿ ಆಮ್ಲ, ನೀರು, ಮಸಿ ಎಲ್ಲ ಸೇರಿರುತ್ತೆ.

ಈ ಮೇಣ-ಎಣ್ಣೆಗೆ ದೊಡ್ಡ ಚರಿತ್ರೆಯೇ ಇದೆ. 1857ರಲ್ಲಿ ಎನ್‌ಫೀಲ್ಡ್ ಬಂದೂಕಿನ ತೋಟಾಕ್ಕೆ ದನದ, ಹಂದಿಯ ಕೊಬ್ಬು ಸವರಿದ್ದಾರೆ ಅನ್ನುವ ಸುದ್ದಿ ಸಿಪಾಯಿಗಳಲ್ಲಿ ಹಬ್ಬಿತು. ಜನವರಿ ತಿಂಗಳಲ್ಲೇ ಸರ್ಕಾರ ಹಿಂದೆ ಸರಿದು, ಜಿಡ್ಡಿಲ್ಲದ ತೋಟಾ ಕೊಡ್ತೀವಿ, ಸಿಪಾಯಿಗಳೇ ತಮಗೆ ಒಪ್ಪುವ ಮಿಶ್ರಣ ಹಚ್ಚಿಕೊಳ್ಳಲಿ ಅಂತ ಆದೇಶ ಮಾಡಿತು. ಅಷ್ಟರಲ್ಲಿ ನಂಬಿಕೆ ಹೋಗಿತ್ತು. ಮೀರತ್‌ನಲ್ಲಿ 85 ಸವಾರರು ತೋಟಾ ಮುಟ್ಟಲ್ಲ ಅಂದರು, ಮೇ 10ಕ್ಕೆ ದಂಗೆ ಎದ್ದಿತು. ಅದೇ ವರ್ಷ ಬಂದ ನಿಶ್ಶಸ್ತ್ರೀಕರಣ ಕಾಯ್ದೆಗೆ ನಮ್ಮ ಮುಧೋಳ ಸೀಮೆಯ ಹಲಗಲಿಯ ಬೇಡರು ತಿರುಗಿಬಿದ್ದರು. ಕೊಡಗಿಗೆ 1861ರಲ್ಲಿ ಆ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಇವತ್ತಿಗೂ ಇದೆ. ಒಂದು ಜಿಡ್ಡಿನ ವಿಷಯ ಎಲ್ಲಿಂದ ಎಲ್ಲಿಗೆ ಹೋಯ್ತು ನೋಡಿ.

ಸರಿ, ಮೇಣಕ್ಕೆ ಬರೋಣ. ತುಡುವೆ ಆಗಲಿ ಹೆಜ್ಜೇನು ಆಗಲಿ, ಎರಡೂ ನಡೆಯುತ್ತೆ. ತುಪ್ಪ ತೆಗೆಯುವಾಗ ಕೆತ್ತಿದ ಮುಚ್ಚಳದ ಮೇಣ ಎಲ್ಲಕ್ಕಿಂತ ಶುದ್ಧ. ಮರಿ ಬೆಳೆದು ಕಪ್ಪಾದ ಹಳೇ ತಟ್ಟಿಯಲ್ಲಿ ಮೇಣ ಕಡಿಮೆ, ಸಿಪ್ಪೆ ಜಾಸ್ತಿ. ತಟ್ಟಿಯನ್ನು ಹಳೇ ಪಂಚೆ ಬಟ್ಟೆಯಲ್ಲಿ ಕಟ್ಟಿ ನೀರಲ್ಲಿ ಬೇಯಿಸಿದರೆ ಮೇಣ ತೇಲಿ ಬರುತ್ತೆ. ತಣ್ಣಗಾದ ಮೇಲೆ ಬಿಲ್ಲೆ ಎತ್ತಿ ತಳದ ಕೊಳೆ ಕೆರೆಯಿರಿ. ಎರಡು ಸಲ ಹೀಗೆ ಮಾಡಿದರೆ ಜೇನಿನ ಎಂಜಲು ಹೋಗುತ್ತೆ. ಅದು ಹೋಗಲೇಬೇಕು, ಸಕ್ಕರೆ ಅಂಶ ಉಳಿದರೆ ಇರುವೆ ಕೋವಿಗೇ ಬರುತ್ತೆ. ಅಂಗಡಿಯಿಂದ ತರುವವರು ಹುಷಾರು, ಪ್ಯಾರಾಫಿನ್ ಬೆರೆಸಿ ಮಾರುವವರಿದ್ದಾರೆ. ಒಂದು ಚೂರು ಬೆರಳಲ್ಲಿ ನಾದಿ ನೋಡಿ. ಅಸಲಿ ಮೇಣ ಬೆಚ್ಚಗಾದಂತೆ ಹಿಟ್ಟಿನ ಹಾಗೆ ಮೆದುವಾಗಿ ಜೇನಿನ ವಾಸನೆ ಕೊಡುತ್ತೆ. ಹಳೇ ಬಿಲ್ಲೆಯ ಮೇಲೆ ಬಿಳಿ ಬೂದಿಯಂತೆ ಕಂಡರೆ ಹೆದರಬೇಡಿ, ಅದು ಬೂಸ್ಟು ಅಲ್ಲ, ಮೇಣದ್ದೇ ಗುಣ.

ಎಣ್ಣೆಯಲ್ಲಿ ಆಯ್ಕೆ ಮುಖ್ಯ. ಗಾಳಿಗೆ ಒಣಗಿ ಅಂಟಾಗುವ ಎಣ್ಣೆ ನಳಿಗೆಗೆ ಬೇಡ. ಅಗಸೆ ಎಣ್ಣೆ ಕೋವಿಯ ಮರದ ಹಿಡಿಗೆ ಚೆನ್ನ, ಕಬ್ಬಿಣದ ಒಳಗೆ ಹಾಕಿದರೆ ವಾರ್ನಿಶ್ ಆಗಿ ಕೂರುತ್ತೆ. ಸೂರ್ಯಕಾಂತಿಯೂ ನಿಧಾನಕ್ಕೆ ಅಂಟಾಗುತ್ತೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಎರಡೂ ಒಣಗದ ಎಣ್ಣೆಗಳು. ಉತ್ತರ ಕನ್ನಡದವರು ಕೊಬ್ಬರಿ ಎಣ್ಣೆಯಲ್ಲಿ ಒಂದು ಪಾಲು ಬಿಟ್ಟು ಮುರುಗಲ ತುಪ್ಪ ಹಾಕಬಹುದು, ಅದು ಸುಮಾರು 40 ಡಿಗ್ರಿಯವರೆಗೂ ಗಟ್ಟಿ ಇರುತ್ತೆ. ಹಸುವಿನ ತುಪ್ಪ ಕೆಲಸ ಮಾಡುತ್ತೆ, ಆದರೆ ಕಮಟಾಗುತ್ತೆ, ಇಲಿ ಬರುತ್ತೆ. ಉಪ್ಪು ಹಾಕಿದ ಬೆಣ್ಣೆ ಮುಟ್ಟಲೇಬೇಡಿ.

ನಾನು ಮಾಡೋದು ಹೀಗೆ: ಮೇಣ 100 ಗ್ರಾಂ, ಕೊಬ್ಬರಿ ಎಣ್ಣೆ 150 ಗ್ರಾಂ, ಹರಳೆಣ್ಣೆ 50 ಗ್ರಾಂ. ಗಾಣದ ಎಣ್ಣೆಯಲ್ಲಿ ನೀರಿನಂಶ ಇರುತ್ತೆ, ಅದನ್ನು ಮೊದಲು ಬೇರೆಯಾಗಿ ಸಣ್ಣ ಉರಿಯಲ್ಲಿ ಚಟಚಟ ಸದ್ದು ನಿಲ್ಲುವವರೆಗೆ ಕಾಯಿಸಿ ಇಳಿಸಿ. ಮೇಣವನ್ನು ಮಾತ್ರ ಎಂದೂ ನೇರ ಉರಿಗೆ ಇಡಬೇಡಿ, ಹೊತ್ತಿಕೊಂಡರೆ ನೀರು ಹಾಕಿದಷ್ಟೂ ಹಾರುತ್ತೆ. ದೊಡ್ಡ ಪಾತ್ರೆಯ ಬಿಸಿನೀರಿನಲ್ಲಿ ಸಣ್ಣ ಸ್ಟೀಲ್ ಡಬ್ಬಿ ಇಡಿ, ಸುಮಾರು 63 ಡಿಗ್ರಿಗೆ ಮೇಣ ಕರಗುತ್ತೆ. ಎಣ್ಣೆ ಸೇರಿಸಿ ಕಲಕಿ. ತಣ್ಣನೆ ಚಮಚದ ಬೆನ್ನಿಗೆ ಒಂದು ಹನಿ ಬಿಟ್ಟು ಎರಡು ನಿಮಿಷ ಬಿಟ್ಟು ಬೆರಳಲ್ಲಿ ಒತ್ತಿ ನೋಡಿ. ಬೂಟ್ ಪಾಲಿಶ್ ಹದಕ್ಕೆ ಬಂದಿರಬೇಕು. ಗಟ್ಟಿಯಾದರೆ ಎಣ್ಣೆ, ತೆಳುವಾದರೆ ಮೇಣ. ಮಳೆಗಾಲದ ಚಳಿಗೆ ನಾನು 40-50 ಗ್ರಾಂ ಎಣ್ಣೆ ಜಾಸ್ತಿ ಹಾಕ್ತೀನಿ. ಈ ಕೆಲಸ ಮದ್ದು, ಕೇಪು ಇಟ್ಟ ಕೋಣೆಯಲ್ಲಿ ಅಲ್ಲ, ಅಡುಗೆಮನೆಯಲ್ಲಿ.

ಹಚ್ಚುವ ಮುಂಚೆ ತೊಳೆಯಬೇಕು. ನಿಪ್ಪಲ್ ಬಿಚ್ಚಲು ಬಂದರೆ ಬಿಚ್ಚಿ, ಸ್ವಲ್ಪ ಸೋಪು ಹಾಕಿದ ಕುದಿನೀರನ್ನು ನಳಿಗೆಗೆ ಹುಯ್ದು ಗಜಕ್ಕೆ ಹತ್ತಿ ಬಟ್ಟೆ ಸುತ್ತಿ ಎಳೆಯಿರಿ. ಕೈಗೆ ದಪ್ಪ ಬಟ್ಟೆ ಇರಲಿ, ನಳಿಗೆ ಸುಡುತ್ತೆ. ಕಪ್ಪು ನಿಂತ ಮೇಲೆ ಬರೀ ಬಿಸಿನೀರು, ಆಮೇಲೆ ಒಣ ಬಟ್ಟೆ, ಬಿಳಿ ಬಟ್ಟೆ ಬಿಳಿಯಾಗೇ ಬರುವ ತನಕ. ಬಿಸಿ ಲೋಹ ತಾನೇ ಒಣಗುತ್ತೆ, ಆದರೆ ನಿಮಿಷದಲ್ಲೇ ಕೆಂಪು ತುಕ್ಕೂ ಹಿಡಿಯುತ್ತೆ. ಅದಕ್ಕೇ ನಳಿಗೆ ಇನ್ನೂ ಬೆಚ್ಚಗಿರುವಾಗ ಲೇಪ ಎಳೆದುಬಿಡಿ. ತೆಳ್ಳಗೆ ಸಾಕು. ನಿಪ್ಪಲ್ಲಿನ ಮರೆಗೂ ಒಂಚೂರು ಹಚ್ಚಿದರೆ ಮುಂದಿನ ಸಲ ಬಿಚ್ಚೋಕೆ ಸುಲಭ. ಈಡು ಹೊಡೆದ ದಿನವೇ ಇದೆಲ್ಲ ಆಗಬೇಕು, ನಾಳೆ ಅಂದರೆ ತಡ.

ಮತ್ತೆ ಬಳಸುವ ದಿನ ಲೇಪವನ್ನು ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ. ನಿಪ್ಪಲ್ಲಿನ ತೂತಲ್ಲಿ ಜಿಡ್ಡು ನಿಂತರೆ ಕೇಪು ಸಿಡಿದರೂ ಮದ್ದು ಹತ್ತಲ್ಲ, ಅಥವಾ ತಡವಾಗಿ ಹತ್ತುತ್ತೆ. ಹಾಗೆ ಹುಸಿಯಾದರೆ ಬಾಯಿ ಬಯಲಿಗೇ ಹಿಡಿದು ಕನಿಷ್ಠ ಒಂದು ನಿಮಿಷ ಅಲ್ಲಾಡದೆ ನಿಲ್ಲಿ, ಒಳಗೆ ಇಣುಕಬೇಡಿ.

ಚುನಾವಣೆ ಬಂದಾಗ ಕೋವಿ ಠಾಣೆಗೆ ಕೊಡ್ತೀವಲ್ಲ, ಆಗಲೂ ಇದು ಉಪಯೋಗಕ್ಕೆ ಬರುತ್ತೆ. ಒಂದೆರಡು ತಿಂಗಳು ನಮ್ಮ ಕಣ್ಣಿಗೆ ಬೀಳದ ಕಡೆ ಅದು ನಿಂತಿರುತ್ತೆ. ಕೊಡುವ ಹಿಂದಿನ ದಿನ ತೊಳೆದು, ಒಳಗೂ ಹೊರಗೂ ಸ್ವಲ್ಪ ದಪ್ಪಗೆ ಲೇಪ ಹಚ್ಚಿ, ನಂಬರ್ ಕಾಣುವ ಹಾಗೆ ಫೋನಿನಲ್ಲಿ ಫೋಟೋ ಹೊಡೆದು ಇಟ್ಟುಕೊಳ್ಳಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಡಬೇಡಿ, ಒಳಗೆ ಬೆವರುತ್ತೆ.

300 ಗ್ರಾಂ ಲೇಪ ಒಂದು ಕೋವಿಗೆ ಎರಡು ವರ್ಷಕ್ಕೂ ಖರ್ಚಾಗಲ್ಲ. ಮಿಕ್ಕಿದ್ದನ್ನು ಸಿಕೇಚರ್, ಕಸಿ ಚಾಕು, ಅಡಿಕೆ ಕತ್ತಿಗೆ ಹಚ್ಚಿ. ನಮ್ಮ ಮನೆಯಲ್ಲಿ ಡಬ್ಬಿ ಖಾಲಿಯಾಗೋದೇ ಅದರಿಂದ.