ಅರ್ಜಿ ಸಲ್ಲಿಕೆಯ ವೇಳೆ ಕಾಣಿಸುವ ಸಂದೇಶ ಸರದಿಯ ಸಂಕೇತಗಳು ಮತ್ತು ಅವುಗಳ ಅರ್ಥ

ಸಾರ್ವಜನಿಕರು ಸೇವಾ ಕೇಂದ್ರಗಳಲ್ಲಿ ಅಥವಾ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುವಾಗ ಕೆಲವೊಮ್ಮೆ ಪರದೆಯ ಮೇಲೆ 2033, 2009, 2085 ಮುಂತಾದ ನಾಲ್ಕು ಅಂಕಿಗಳ ಸಂಕೇತವು ಕಾಣಿಸಿಕೊಂಡು ವ್ಯವಹಾರವು ಅಲ್ಲಿಗೇ ನಿಂತುಹೋಗುವುದುಂಟು. ಇಂತಹ ಸಂದರ್ಭದಲ್ಲಿ ಅರ್ಜಿದಾರರ ಮುಂದಿರುವ ಪ್ರಶ್ನೆಯು ಒಂದೇ ಆಗಿರುತ್ತದೆ: ಅರ್ಜಿಯು ಒಳಗೆ ಸೇರಿತೇ, ಇಲ್ಲವೇ? ಸೇರಿರುವ ಅರ್ಜಿಯನ್ನೇ ಮತ್ತೊಮ್ಮೆ ಸಲ್ಲಿಸಿದರೆ ಶುಲ್ಕವು ಎರಡು ಬಾರಿ ಪಾವತಿಯಾಗುವ ಸಂಭವವಿದೆ. ಸೇರದಿರುವ ಅರ್ಜಿಯು ಸೇರಿದೆಯೆಂದು ಭಾವಿಸಿ ಸುಮ್ಮನಿದ್ದರೆ ಕೊನೆಯ ದಿನಾಂಕವು ಮೀರಿಹೋಗಬಹುದು. ಸದರಿ ಸಂಕೇತಗಳನ್ನು ಸರಿಯಾಗಿ ಓದಿದಲ್ಲಿ ಈ ಪ್ರಶ್ನೆಗೆ ಬಹುಪಾಲು ಉತ್ತರ ದೊರೆಯುತ್ತದೆಯಾದ್ದರಿಂದ ಈ ವಿವರಣೆಯನ್ನು ಪ್ರಕಟಿಸಲಾಗಿದೆ.

ಸಂದೇಶ ಸರದಿ ವ್ಯವಸ್ಥೆಯನ್ನು ಅಂಚೆ ವ್ಯವಸ್ಥೆಗೆ ಹೋಲಿಸಬಹುದು. ಅರ್ಜಿಯು ಒಂದು ಸಂದೇಶದ ರೂಪದಲ್ಲಿ ಸರದಿಯೊಂದನ್ನು ಸೇರುತ್ತದೆ. ಅದನ್ನು ಕಾಪಾಡಿ ಮುಂದಿನ ಕಚೇರಿಗೆ ತಲುಪಿಸುವ ತಂತ್ರಾಂಶಕ್ಕೆ ಸರದಿ ನಿರ್ವಾಹಕ ಎಂದು ಹೆಸರು. ಸ್ವೀಕರಿಸುವ ಕಚೇರಿಯ ಗಣಕಯಂತ್ರವು ಆ ಕ್ಷಣದಲ್ಲಿ ಸ್ಥಗಿತಗೊಂಡಿದ್ದರೂ, ಸ್ಥಿರ ಸಂದೇಶವೆಂದು ಗುರುತಿಸಲಾದ ಅರ್ಜಿಯು ಡಿಸ್ಕ್‌ನಲ್ಲಿ ಉಳಿದು ನಂತರ ರವಾನೆಯಾಗುತ್ತದೆ. ಹಲವು ಕಚೇರಿಗಳ ಸರದಿ ನಿರ್ವಾಹಕಗಳನ್ನು ಒಂದುಗೂಡಿಸಿ, ಪರಸ್ಪರರ ವಿಳಾಸಗಳನ್ನು ತಾವೇ ತಿಳಿದುಕೊಳ್ಳುವಂತೆ ಏರ್ಪಡಿಸಿದಾಗ ಅದನ್ನು ಕ್ಲಸ್ಟರ್ ಎನ್ನಲಾಗುತ್ತದೆ. ಇಂತಹ ತಂತ್ರಾಂಶಗಳು ಹಲವಿವೆ. ಇಲ್ಲಿ ಉದಾಹರಣೆಗಾಗಿ ಐಬಿಎಂ ಎಂಕ್ಯೂ ಎಂಬುದನ್ನು ಆರಿಸಿಕೊಳ್ಳಲಾಗಿದೆ. ಇದು 1993ರಲ್ಲಿ ಎಂಕ್ಯೂಸೀರೀಸ್ ಎಂಬ ಹೆಸರಿನಲ್ಲಿ ಬಿಡುಗಡೆಯಾಗಿ, 2002ರಲ್ಲಿ ವೆಬ್‌ಸ್ಫಿಯರ್ ಎಂಕ್ಯೂ ಎಂದೂ, 2014ರಲ್ಲಿ ಐಬಿಎಂ ಎಂಕ್ಯೂ ಎಂದೂ ಹೆಸರು ಪಡೆಯಿತು. ಬೇರೆ ತಂತ್ರಾಂಶವನ್ನು ಬಳಸುವ ಸೇವೆಗಳಿಗೆ ಕೆಳಗಿನ ಅಂಕಿಗಳು ಅನ್ವಯಿಸುವುದಿಲ್ಲ.

ಪರದೆಯ ಮೇಲಿನ ಸಂಕೇತಗಳು

ಪ್ರತಿಯೊಂದು ಕಾರ್ಯದ ಕೊನೆಯಲ್ಲಿ ಸರದಿ ನಿರ್ವಾಹಕವು ಎರಡು ಅಂಕಿಗಳನ್ನು ಹಿಂದಿರುಗಿಸುತ್ತದೆ. ಮೊದಲನೆಯದು ಮುಕ್ತಾಯ ಸಂಕೇತ. ಇದು 0 ಆಗಿದ್ದರೆ ಕಾರ್ಯವು ಯಶಸ್ವಿ, 1 ಆಗಿದ್ದರೆ ಎಚ್ಚರಿಕೆ, 2 ಆಗಿದ್ದರೆ ವಿಫಲ. ಎರಡನೆಯದು ಕಾರಣ ಸಂಕೇತ. ಸಾರ್ವಜನಿಕರ ಗಮನಕ್ಕೆ ಬರುವುದು ಬಹುಮಟ್ಟಿಗೆ ಈ ಎರಡನೆಯದೇ.

ಕಾರಣ ಸಂಕೇತವು 2059 ಆಗಿದ್ದರೆ ಸರದಿ ನಿರ್ವಾಹಕದೊಡನೆ ಸಂಪರ್ಕವೇ ಏರ್ಪಟ್ಟಿಲ್ಲವೆಂದು ಅರ್ಥ. 2085 ಎಂಬುದು ಕೋರಿದ ಹೆಸರಿನ ಸರದಿಯು ಕಂಡುಬಂದಿಲ್ಲವೆಂಬುದನ್ನೂ, 2189 ಎಂಬುದು ಆ ಸರದಿಯು ಕ್ಲಸ್ಟರ್‌ನಲ್ಲಿ ಎಲ್ಲಿದೆಯೆಂದು ನಿರ್ಧರಿಸಲು ಸಾಧ್ಯವಾಗಿಲ್ಲವೆಂಬುದನ್ನೂ, 2053 ಎಂಬುದು ಸರದಿಯು ತುಂಬಿದೆಯೆಂಬುದನ್ನೂ ಸೂಚಿಸುತ್ತವೆ. ಅರ್ಜಿಯನ್ನು ಸರದಿಗೆ ಸೇರಿಸುವ ಹಂತದಲ್ಲಿ ಈ ನಾಲ್ಕರಲ್ಲಿ ಯಾವುದೇ ಒಂದು ಕಂಡುಬಂದರೂ ಅರ್ಜಿಯು ಒಳಗೆ ಸೇರಿಲ್ಲ. ಅರ್ಜಿದಾರರು ಪುನಃ ಸಲ್ಲಿಸಬೇಕಾಗುತ್ತದೆ.

2033ರ ವಿಷಯವು ಇದಕ್ಕೆ ಬಹುತೇಕ ವಿರುದ್ಧವಾದುದು. ಓದಲು ಹೋದಾಗ ಸರದಿಯಲ್ಲಿ ಸಂದೇಶವಿರಲಿಲ್ಲವೆಂಬುದಷ್ಟೇ ಇದರ ಅರ್ಥ. ಸಾಮಾನ್ಯವಾಗಿ ಅರ್ಜಿಯನ್ನು ಕಳುಹಿಸಿದ ನಂತರ ತಂತ್ರಾಂಶವು ನಿಗದಿತ ಸೆಕೆಂಡುಗಳ ಕಾಲ ಉತ್ತರಕ್ಕಾಗಿ ಕಾಯುತ್ತದೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ 2033 ಎಂದು ತೋರಿಸುತ್ತದೆ. ಅಂದರೆ ಅರ್ಜಿಯು ಹೊರಟಿದೆ, ಉತ್ತರವು ಮಾತ್ರ ಇನ್ನೂ ಬಂದಿಲ್ಲ. ಇದನ್ನು 'ದೋಷ' ಎಂಬ ಕೆಂಪು ಅಕ್ಷರಗಳೊಡನೆ ತೋರಿಸುವ ಪರದೆಗಳು ಅರ್ಜಿದಾರರನ್ನು ಅನಗತ್ಯವಾಗಿ ಗಾಬರಿಗೊಳಿಸುತ್ತವೆ ಎಂದೇ ಹೇಳಬೇಕಾಗುತ್ತದೆ. 2033 ಕಂಡೊಡನೆ ಎರಡನೆಯ ಬಾರಿ ಅರ್ಜಿ ಸಲ್ಲಿಸಬಾರದು. ಆದರೆ ಅಸ್ಥಿರ ಸಂದೇಶಗಳಾಗಿ ಕಳುಹಿಸಲಾಗುವ ವಿಚಾರಣೆಗಳು, ಉದಾಹರಣೆಗೆ ಅರ್ಜಿಯ ಸ್ಥಿತಿಯನ್ನು ಕೇಳುವುದು, ನಿರ್ವಾಹಕವು ಪುನರಾರಂಭಗೊಂಡಾಗ ಅಳಿಸಿಹೋಗಬಹುದು. ಅವುಗಳನ್ನು ಮತ್ತೆ ಕೇಳುವುದರಿಂದ ಹಾನಿಯಿಲ್ಲ.

ಅತ್ಯಂತ ಎಚ್ಚರಿಕೆಯಿಂದ ನೋಡಬೇಕಾದ ಸಂಕೇತವು 2009. ಸರದಿ ನಿರ್ವಾಹಕದೊಡನೆ ಇದ್ದ ಸಂಪರ್ಕವು ನಡುವೆಯೇ ಕಡಿದುಹೋಗಿದೆಯೆಂದು ಇದು ತಿಳಿಸುತ್ತದೆ. ಸಂದೇಶವನ್ನು ಅಂತಿಮವಾಗಿ ದೃಢೀಕರಿಸುವ ಕ್ಷಣದಲ್ಲಿ ಹೀಗಾದರೆ, ದೃಢೀಕರಣವು ಆಯಿತೇ ಇಲ್ಲವೇ ಎಂಬುದು ಕಳುಹಿಸಿದ ಗಣಕಯಂತ್ರಕ್ಕೇ ತಿಳಿದಿರುವುದಿಲ್ಲ. ಆದುದರಿಂದ 2009 ಬಂದಾಗ 'ಸೇರಿಲ್ಲ' ಎಂದಾಗಲಿ 'ಸೇರಿದೆ' ಎಂದಾಗಲಿ ಯಾರೂ ಊಹೆಯಿಂದ ಹೇಳತಕ್ಕದ್ದಲ್ಲ. ವ್ಯವಹಾರ ಸಂಖ್ಯೆಯನ್ನು ಬರೆದುಕೊಂಡು, ಸ್ವೀಕರಿಸುವ ಕಚೇರಿಯ ದಾಖಲೆಯಲ್ಲಿ ಆ ಸಂಖ್ಯೆಯು ಇದೆಯೇ ಎಂದು ಪರಿಶೀಲಿಸಿದ ನಂತರವೇ ಎರಡನೆಯ ಪಾವತಿಗೆ ಮುಂದಾಗುವುದು ಸೂಕ್ತ.

ಕ್ಲಸ್ಟರ್ ಸ್ಥಿತಿ ವರದಿ

ಅರ್ಜಿಯು ಹೊರಟಿದ್ದು ತಲುಪದಿದ್ದಾಗ ಕೇಂದ್ರದ ತಾಂತ್ರಿಕ ಸಿಬ್ಬಂದಿಯು ಡಿಸ್‌ಪ್ಲೇ ಕ್ಲಸ್‌ಕ್ಯೂಎಂಜಿಆರ್ ಎಂಬ ಆದೇಶದ ಮೂಲಕ ವರದಿಯೊಂದನ್ನು ಪಡೆಯುತ್ತಾರೆ. ಇದರಲ್ಲಿ ಕ್ಲಸ್ಟರ್‌ನ ಪ್ರತಿಯೊಂದು ಸರದಿ ನಿರ್ವಾಹಕದ ಹೆಸರು, ಅದಕ್ಕೆ ಹೋಗುವ ಮಾರ್ಗ ಮತ್ತು ಆ ಮಾರ್ಗದ ಸ್ಥಿತಿ ಇರುತ್ತವೆ. 'ರನ್ನಿಂಗ್' ಎಂದಿದ್ದರೆ ಮಾರ್ಗವು ತೆರೆದಿದೆ. 'ಇನ್‌ಆಕ್ಟಿವ್' ಎಂಬುದನ್ನು ನೋಡಿ ಮಾರ್ಗವು ಕೆಟ್ಟಿದೆಯೆಂದು ತೀರ್ಮಾನಿಸುವುದು ಸಾಮಾನ್ಯವಾದ ತಪ್ಪು ತಿಳಿವಳಿಕೆ. ಕಳುಹಿಸಲು ಸಂದೇಶವಿಲ್ಲದೆ 6000 ಸೆಕೆಂಡುಗಳು ಕಳೆದರೆ, ಪೂರ್ವನಿಗದಿಯಂತೆ ಮಾರ್ಗವು ತಾನಾಗಿಯೇ ಮುಚ್ಚಿಕೊಂಡು, ಮುಂದಿನ ಸಂದೇಶ ಬಂದಾಗ ತೆರೆದುಕೊಳ್ಳುತ್ತದೆ. ಆ ವೇಳೆ ದಾಖಲಾಗುವ ಎಎಂಕ್ಯೂ9545 ಎಂಬ ಸೂಚನೆಯು ಮಾಹಿತಿ ಮಾತ್ರ. ಈಚಿನ ಆವೃತ್ತಿಗಳಲ್ಲಿ ಸೂಚನೆಯ ಸಂಖ್ಯೆಯ ಕೊನೆಗೆ ಐ, ಡಬ್ಲ್ಯೂ, ಇ ಮುಂತಾದ ಅಕ್ಷರವಿರುತ್ತದೆ. ಇವು ಕ್ರಮವಾಗಿ ಮಾಹಿತಿ, ಎಚ್ಚರಿಕೆ ಮತ್ತು ದೋಷಗಳನ್ನು ಸೂಚಿಸುತ್ತವೆ.

'ರಿಟ್ರೈಯಿಂಗ್' ಎಂದಿದ್ದರೆ ಎದುರಿನ ಕಚೇರಿಯು ಸಿಗುತ್ತಿಲ್ಲ, ಪ್ರಯತ್ನವು ಮುಂದುವರಿದಿದೆ ಎಂದು ತಿಳಿಯತಕ್ಕದ್ದು. ಇದರ ಜೊತೆಯಲ್ಲಿ ದಾಖಲೆಯಲ್ಲಿ ಎಎಂಕ್ಯೂ9202 ಕಂಡುಬರುವುದು ವಾಡಿಕೆ. ಪೂರ್ವನಿಗದಿಯಂತೆ ಮೊದಲು 60 ಸೆಕೆಂಡುಗಳಿಗೊಮ್ಮೆ 10 ಬಾರಿ, ಆ ಮೇಲೆ 1200 ಸೆಕೆಂಡುಗಳಿಗೊಮ್ಮೆ, ಅಂದರೆ 20 ನಿಮಿಷಗಳಿಗೊಮ್ಮೆ ಪ್ರಯತ್ನ ನಡೆಯುತ್ತದೆ. ತಾಲ್ಲೂಕು ಕಚೇರಿಯಲ್ಲಿ ವಿದ್ಯುತ್ ಬಂದು ಎಲ್ಲವೂ ಸರಿಹೋದ ಮೇಲೂ ಅರ್ಜಿಯು ಇನ್ನಷ್ಟು ಹೊತ್ತು ಕದಲದಿರುವುದಕ್ಕೆ ಇದು ಕಾರಣವಾಗಬಹುದು. 'ಸ್ಟಾಪ್ಡ್' ಎಂದಿದ್ದಲ್ಲಿ ಮಾತ್ರ ಕಾಯುವುದರಿಂದ ಪ್ರಯೋಜನವಿಲ್ಲ. ಸಿಬ್ಬಂದಿಯು ಮಾರ್ಗವನ್ನು ಆರಂಭಿಸಬೇಕು. ವರದಿಯಲ್ಲಿ ಸಿಸ್ಟಂ.ಟೆಂಪ್‌ಕ್ಯೂಎಂಜಿಆರ್ ಎಂದು ಆರಂಭವಾಗುವ ಹೆಸರು ಇದ್ದರೆ, ಆ ಕೇಂದ್ರವು ಕ್ಲಸ್ಟರ್‌ನ ಮಾಹಿತಿ ಕೋಶದೊಡನೆ ಇನ್ನೂ ಸರಿಯಾಗಿ ಪರಿಚಯಗೊಂಡಿಲ್ಲವೆಂದು ಅರ್ಥ.

ಒಂದೇ ದಿನ, ಒಂದೇ ಕೌಂಟರಿನಲ್ಲಿ ಹಿಂದೆ ನಿಂತಿದ್ದವರ ಅರ್ಜಿಯು ಮೊದಲು ತಲುಪಿತೆಂಬ ದೂರಿಗೆ ಕ್ಲಸ್ಟರ್‌ನ ಹಂಚಿಕೆಯೂ ಕಾರಣವಾಗಬಹುದು. ಒಂದೇ ಹೆಸರಿನ ಸರದಿಯು ಎರಡು ಕಡೆ ಇದ್ದಾಗ ನಿರ್ವಾಹಕವು ಸಂದೇಶಗಳನ್ನು ಹಂಚುತ್ತದೆ. ಪೂರ್ವನಿಗದಿಯ ಕ್ರಮದಲ್ಲಿ, ಸರದಿಯನ್ನು ತೆರೆದ ಕೂಡಲೇ ಗುರಿಯು ನಿಶ್ಚಿತವಾಗಿಬಿಡುತ್ತದೆ. ಆ ಗುರಿಯ ಯಂತ್ರವು ಸ್ಥಗಿತವಾಗಿದ್ದರೆ ಅರ್ಜಿಯು ಅದಕ್ಕಾಗಿಯೇ ಕಾಯುತ್ತದೆ, ಇನ್ನೊಂದರ ಕಡೆಗೆ ತಿರುಗುವುದಿಲ್ಲ. ಗುರಿಯನ್ನು ನಿಶ್ಚಿತಗೊಳಿಸದ ಕ್ರಮವನ್ನು ಅಳವಡಿಸಿದ್ದಲ್ಲಿ ಕಾಯುತ್ತಿರುವ ಸಂದೇಶಗಳನ್ನು ಮತ್ತೊಂದು ಕಡೆಗೆ ಕಳುಹಿಸಲು ಸಾಧ್ಯವಾಗುತ್ತದೆ. ಪರಸ್ಪರ ಸಂಬಂಧವಿಲ್ಲದ ಅರ್ಜಿಗಳಿಗೆ ಈ ಎರಡನೆಯ ಕ್ರಮವೇ ಮೇಲು.

ಇನ್ನೊಂದು ಸ್ಥಿತಿಯು ಸಿಬ್ಬಂದಿಯನ್ನೂ ದಾರಿ ತಪ್ಪಿಸುವಂತಹುದು. ಕ್ಲಸ್ಟರ್‌ನ ಮಾಹಿತಿಯು 30 ದಿನಗಳ ಅವಧಿಗೆ ಪ್ರಕಟವಾಗುತ್ತದೆ. ಅವಧಿ ಮುಗಿಯುವ ಮುನ್ನ, ಸುಮಾರು 27ನೇ ದಿನ, ನವೀಕರಣಗೊಳ್ಳುತ್ತದೆ. ನವೀಕರಣವು ನಿಂತುಹೋದರೂ ಮತ್ತೆ 60 ದಿನಗಳ ಕಾಲ ಹಳೆಯ ಮಾಹಿತಿಯಿಂದಲೇ ಕೆಲಸವು ನಡೆಯುತ್ತದೆ. 90 ದಿನಗಳಾದ ಮೇಲೆ, ನಿನ್ನೆಯವರೆಗೆ ಸರಿಯಿದ್ದ ಕೇಂದ್ರದಲ್ಲಿ ಹಠಾತ್ತನೆ 2085 ಕಾಣಿಸಿಕೊಳ್ಳಬಹುದು. ಆಗ 'ನಿನ್ನೆ ಏನು ಬದಲಾಯಿತು' ಎಂದು ಹುಡುಕಿದರೆ ಏನೂ ಸಿಗುವುದಿಲ್ಲ, ಏಕೆಂದರೆ ಕಾರಣವು ಮೂರು ತಿಂಗಳ ಹಿಂದಿನದು. ಅದಕ್ಕಿಂತ ಮುಂಚೆಯೇ ದಾಖಲೆಯಲ್ಲಿ ಎಎಂಕ್ಯೂ9456 ಎಂಬ ಎಚ್ಚರಿಕೆಯು ಪುನಃ ಪುನಃ ಬಂದಿರುವ ಸಂಭವ ಹೆಚ್ಚು. ಇದನ್ನು ಓದದೆ ಎಲ್ಲ ತೊಂದರೆಗೂ ಕ್ಲಸ್ಟರ್ ಮಾಹಿತಿಯನ್ನು ಅಳಿಸಿ ಹೊಸದಾಗಿ ಪಡೆಯುವ ಆದೇಶವನ್ನು ನೀಡುವುದು ಯುಕ್ತವಲ್ಲ. ದೊಡ್ಡ ಕ್ಲಸ್ಟರ್‌ಗಳಲ್ಲಿ ಅದರಿಂದಲೇ ಅಡಚಣೆಯುಂಟಾಗುತ್ತದೆ.

ಅರ್ಜಿದಾರರು ಮಾಡಬೇಕಾದುದು

ಪರದೆಯ ಮೇಲೆ ಕಂಡ ಸಂಕೇತ, ದಿನಾಂಕ, ವೇಳೆ, ವ್ಯವಹಾರ ಸಂಖ್ಯೆ ಮತ್ತು ಪಾವತಿಯ ವಿವರವನ್ನು ಬರೆದಿಟ್ಟುಕೊಳ್ಳುವುದು. ಸಂದೇಶವು ಸರದಿಯನ್ನು ಸೇರುವುದು ಬೇರೆ, ಅರ್ಜಿಯು ಸ್ವೀಕೃತವಾಗುವುದು ಬೇರೆ ಎಂಬುದನ್ನು ಗಮನಿಸುವುದು. ಕರ್ನಾಟಕದಲ್ಲಿ ಸಕಾಲ ಎಂದು ಕರೆಯಲಾಗುವ 2011ರ ಅಧಿನಿಯಮದ ವ್ಯಾಪ್ತಿಯ ಸೇವೆಗಳಿಗೆ 15 ಅಂಕಿಗಳ ಜಿಎಸ್‌ಸಿ ಸಂಖ್ಯೆಯುಳ್ಳ ಸ್ವೀಕೃತಿಯನ್ನು ಕೇಳಿ ಪಡೆಯಬೇಕು. ವಿಳಂಬಕ್ಕಾಗಿ ದಿನವೊಂದಕ್ಕೆ 20 ರೂ.ಗಳಂತೆ ಗರಿಷ್ಠ 500 ರೂ.ಗಳ ಪರಿಹಾರವನ್ನು ಕೋರುವಾಗ ಆಧಾರವಾಗುವುದು ಆ ಸ್ವೀಕೃತಿಯೇ ಹೊರತು ಪರದೆಯ ಮೇಲಿನ 'ಸಲ್ಲಿಸಲಾಗಿದೆ' ಎಂಬ ಸಾಲಲ್ಲ.

ಸಲ್ಲಿಕೆಯ ದಿನಾಂಕದ ಬಗ್ಗೆ ವಿವಾದವಿದ್ದಲ್ಲಿ, ಸಂಬಂಧಪಟ್ಟ ವೇಳೆಯ ದೋಷ ದಾಖಲೆಯ ಭಾಗವನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಕೋರಬಹುದು. ಎಲೆಕ್ಟ್ರಾನಿಕ್ ರೂಪದಲ್ಲಿರುವ ಮಾಹಿತಿಯೂ ಆ ಅಧಿನಿಯಮದ ವ್ಯಾಪ್ತಿಗೆ ಬರುತ್ತದೆ. ಆದರೆ ಸರದಿ ನಿರ್ವಾಹಕವು ತನ್ನ ದೋಷ ದಾಖಲೆಯನ್ನು 01, 02, 03 ಎಂಬ ಮೂರು ಕಡತಗಳಲ್ಲಿ ಮಾತ್ರ ಇಟ್ಟುಕೊಳ್ಳುತ್ತದೆ. ಮೊದಲನೆಯದು ತುಂಬಿದಾಗ ಅದು ಎರಡನೆಯದಾಗಿ, ಎರಡನೆಯದು ಮೂರನೆಯದಾಗಿ, ಮೂರನೆಯದರ ಹಳೆಯ ವಿವರವು ಅಳಿಸಿಹೋಗುತ್ತದೆ. ದಟ್ಟಣೆಯಿರುವ ಕೇಂದ್ರಗಳಲ್ಲಿ ಇದು ಕೆಲವೇ ದಿನಗಳಲ್ಲಿ ಸಂಭವಿಸಬಹುದು. ಆದಕಾರಣ ದಾಖಲೆಯ ಪ್ರತಿಯನ್ನು ತೆಗೆದಿರಿಸುವಂತೆ ಕೇಂದ್ರದ ಮುಖ್ಯಸ್ಥರಿಗೆ ಅದೇ ದಿನ ಲಿಖಿತವಾಗಿ ಮನವಿ ಸಲ್ಲಿಸಿ, ಮನವಿಯ ಮೇಲೆ ಸ್ವೀಕೃತಿಯ ಮೊಹರನ್ನು ಪಡೆದುಕೊಳ್ಳುವುದು.