ಬೀಟಾ ಆ್ಯಪ್‌ಗೆ ರೊಕ್ಕ ಕಟ್ಟೋ ಮೊದಲು ಇಷ್ಟು ನೋಡ್ರಿ

ಕಳೆದ ಅಕ್ಟೋಬರ್‌ನಲ್ಲಿ ಸುರಪುರ ತಾಲ್ಲೂಕಿನ ನಮ್ಮ ಹೊಲದಾಗ ಮೆಣಸಿನಕಾಯಿ ಗಿಡದ ಎಲೆ ಮುದುಡಾಕ ಶುರುವಾಯ್ತು. ಫೋಟೊ ತೆಗೆದರೆ ರೋಗ ಹೇಳುವ ಆ್ಯಪ್ ಒಂದಕ್ಕೆ ತಿಂಗಳಿಗೆ 199 ರೂಪಾಯಿ ಕಟ್ಟಿದ್ದೆ. ಅದು ‘ಥ್ರಿಪ್ಸ್ ನುಸಿ’ ಅಂತು. ನೀಲಿ ಅಂಟುಬಲೆ ಕಟ್ಟಿ ಎಂಟು ದಿನ ಕಾದೆ. ಕಡಿಮೆಯಾಗೋದಿರಲಿ, ಹೆಚ್ಚೇ ಆಯ್ತು. ಕಡೆಗೆ ಲೆನ್ಸ್ ಹಿಡಿದು ಎಲೆಯ ತಳ ನೋಡಿದರೆ, ಇದ್ದದ್ದು ಮೈಟ್ ನುಸಿ!

ಬಾಗಲಕೋಟೆಯಲ್ಲಿ ತೋಟಗಾರಿಕೆ ಓದಿದ ನನಗೆ ಇದು ಗೊತ್ತಿರದ ವಿಷಯವೇನಲ್ಲ. ಥ್ರಿಪ್ಸ್ ಬಂದರೆ ಎಲೆ ಮೇಲಕ್ಕೆ ಮುದುಡುತ್ತದೆ, ಮೈಟ್ ಬಂದರೆ ಕೆಳಕ್ಕೆ. ಮೈಟ್‌ಗೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 3 ಗ್ರಾಂನಂತೆ, ಸಂಜೆ ತಂಪಿನಲ್ಲಿ ಹೊಡೆಯಬೇಕು. ಫೋನ್ ನಂಬಿ ನನ್ನ ಕಣ್ಣನ್ನೇ ಮರೆತಿದ್ದೆ.

ಅದಕ್ಕಿಂತ ಸಂಕಟದ ಮಾತು ಬೇರೆ ಅದ. ಶಹಾಪುರ ಕಡೆಯ ಹುಡುಗನೊಬ್ಬನಿಗೂ ಅದೇ ಆ್ಯಪ್ ಹಾಕಿಸಿದ್ದೆ. ಕಾಲುವೆ ನೀರಿನ ಮೂರು ಎಕರೆ ಮೆಣಸಿನಕಾಯಿ ಅವನದು. ಮೊದಲ ಕೊಯ್ಲು ಬಹುತೇಕ ಹೋಯ್ತು. “ಅಣ್ಣಾ, ನೀವ್ ಹೇಳಿದ್ರಿ ಅಂತ ಕಟ್ಟಿದ್ನಲ್ರಿ” ಅಂದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ನೋಡಿದರೆ ಆ್ಯಪ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ‘ಬೀಟಾ’ ಅಂತಿತ್ತು.

ಬೀಟಾ ಅಂದ್ರೇನು?

ಕೆಲಸ ಇನ್ನೂ ಮುಗಿದಿಲ್ಲ, ಬಳಸುವವರಿಂದಲೇ ತಪ್ಪು ಹುಡುಕಿಸುವ ಹಂತ. ಅಂದ್ರೆ ಪರೀಕ್ಷೆ ಮಾಡಿಕೊಡುವವರೂ ನಾವೇ, ರೊಕ್ಕ ಕಟ್ಟುವವರೂ ನಾವೇ.

ಕೃಷಿ ವಿಜ್ಞಾನ ಕೇಂದ್ರದವರು ಹೊಸ ತಳಿಯನ್ನು ನಮ್ಮ ಹೊಲದಲ್ಲಿ ಪ್ರಯೋಗಕ್ಕೆ ಹಾಕುವಾಗ ಬೀಜ ಅವರೇ ಕೊಡುತ್ತಾರೆ. ಇದು ಪ್ರಯೋಗ ಅಂತ ಮೊದಲೇ ಹೇಳುತ್ತಾರೆ. ಹೋಲಿಸಿ ನೋಡಲು ಪಕ್ಕದಲ್ಲೇ ರೈತನ ಹಳೇ ಪದ್ಧತಿಯೂ ಇರುತ್ತದೆ.

ಅರ್ಧ ತಯಾರಾದದ್ದನ್ನು ಮಾರೋದೇ ತಪ್ಪು ಅಂತಲ್ಲ. ಮೈನ್‌ಕ್ರಾಫ್ಟ್ ಆಟವನ್ನು 2009ರಲ್ಲಿ ಹಾಗೇ ಮಾರಿದರು. ಆದರೆ ಬೆಲೆ ಸುಮಾರು ಅರ್ಧ, 2011ರಲ್ಲಿ ಬಂದ ಪೂರ್ಣ ಆವೃತ್ತಿ ಆಗ ಕೊಂಡವರಿಗೆ ಉಚಿತ. ಆಟ ಕೆಟ್ಟರೆ ಮತ್ತೆ ಶುರು ಮಾಡಬಹುದು, ಹಂಗಾಮು ಹಂಗಲ್ಲ.

ರೊಕ್ಕ ಕಟ್ಟೋ ಮೊದಲು

• ‘ಬೀಟಾ’ ಅಥವಾ ‘ಅರ್ಲಿ ಆಕ್ಸೆಸ್’ ಅಂತ ಎಲ್ಲಾದರೂ ಬರೆದಿದೆಯಾ ನೋಡಿ. ಪೂರ್ಣ ಆವೃತ್ತಿ ಬಂದಾಗ ಮತ್ತೆ ಕಟ್ಟಬೇಕಾ ಅಂತ ಕೇಳಿ.

• ಆ್ಯಪ್ ಹೇಳಿದ್ದನ್ನು ಮೊದಲು ಎರಡು ಸಾಲಿಗೆ ಮಾತ್ರ ಮಾಡಿ ನೋಡಿ.

• ಆ್ಯಪ್ ಡಿಲೀಟ್ ಮಾಡಿದರೆ ಚಂದಾ ನಿಲ್ಲೋದಿಲ್ಲ. ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್ಸ್‌ನಲ್ಲಿ ಅಥವಾ ಯುಪಿಐ ಆ್ಯಪ್‌ನ ಆಟೋಪೇನಲ್ಲಿ ರದ್ದು ಮಾಡಬೇಕು. ಪ್ಲೇ ಸ್ಟೋರ್ ಮೂಲಕ ಕಟ್ಟಿದ್ದರೆ 48 ಗಂಟೆಯೊಳಗೆ ರೀಫಂಡ್ ಕೇಳಿ.

• ಮೋಸ ಆಗಿದೆ ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

• ಪುಕ್ಕಟೆ ಸಿಗುವುದನ್ನು ಮೊದಲು ಬಳಸಿ: ಕಿಸಾನ್ ಕಾಲ್ ಸೆಂಟರ್ 1800-180-1551, ಹವಾಮಾನಕ್ಕೆ ಮೇಘದೂತ್ ಆ್ಯಪ್, ನಮ್ಮ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ.

ಆ್ಯಪ್ ಬಳಸೋದನ್ನು ನಾನೇನೂ ಬಿಟ್ಟಿಲ್ಲ. ಆದರೆ ಈಗ ಮೊದಲು ಎಲೆ ತಿರುವಿ ನೋಡ್ತೀನಿ, ಆಮೇಲೆ ಫೋನ್ ತೆಗೀತೀನಿ. ಇನ್ನೊಬ್ಬರಿಗೆ ‘ಹಾಕಿಕೋ’ ಅನ್ನೋ ಮೊದಲಂತೂ ಒಂದು ಹಂಗಾಮು ನಾನೇ ಬಳಸಿ ನೋಡ್ತೀನಿ.